ಹದಿನೈದು ವರ್ಷ ಕಲಿತ ಇಂಗ್ಲಿಷ್ ನಾಲಿಗೆಗೆ ಯಾಕೆ ಬರುವುದಿಲ್ಲ?

ಪಿಯುಸಿ ರಿಸಲ್ಟ್ ಬಂದ ವಾರ ನಮ್ಮ ಮನೆಗಳಲ್ಲಿ ನಡೆಯುವ ಮಾತು ಓದುಗರಿಗೆ ಹೊಸತಲ್ಲ. ಬಿಕಾಂ ಮಾಡಿಸುವುದಾ, ಬಿಸಿಎ ಮಾಡಿಸುವುದಾ, ಅಲ್ಲ ಪಾಸ್‌ಪೋರ್ಟ್ ಮಾಡಿಸಿ ಕಾಕನ ಹತ್ತಿರ ದುಬೈಗೆ ಕಳಿಸಿಬಿಡುವುದಾ? ಈಗ ಕೆಲವು ವರ್ಷಗಳಿಂದ ಆ ಪಟ್ಟಿಗೆ ಟೂರಿಸಂ, ಹೋಟೆಲ್ ಮ್ಯಾನೇಜ್‌ಮೆಂಟ್ ಕೂಡ ಸೇರಿದೆ. ರಾಜ್ಯ ಸರಕಾರ 2024-29ರ ಅವಧಿಗೆ ಹೊಸ ಪ್ರವಾಸೋದ್ಯಮ ನೀತಿ ತಂದಿದೆ. ಅದರಲ್ಲಿ ಹೂಡಿಕೆಯ ಮಾತೂ ಉಂಟು, ಉದ್ಯೋಗದ ಮಾತೂ ಉಂಟು. ಕರಾವಳಿಯಲ್ಲಿ ಬೀಚು, ಹೋಂಸ್ಟೇ ಎಂದು ದಿನಾ ಒಂದಲ್ಲ ಒಂದು ಸುದ್ದಿ. ಮಕ್ಕಳು ಆ ಕಡೆ ನೋಡುವುದು ಸಹಜವೇ. ಆಗ ಮನೆಯವರು ಕೇಳುವ ಪ್ರಶ್ನೆಯೂ ಒಂದೇ: "ಇಂಗ್ಲಿಷ್ ಬರ್ತದಾ ಇವನಿಗೆ?"

ಈ ಪ್ರಶ್ನೆಯನ್ನು ನಾವು ಈ ಸಲ ಮಕ್ಕಳ ಹತ್ತಿರವೇ ಕೇಳಿದೆವು. ಮಂಗಳೂರಿನಲ್ಲಲ್ಲ, ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನಲ್ಲಿ. ಅಲ್ಲಿಗೇ ಯಾಕೆ ಎಂದರೆ ನಾವಿರುವುದು ಅಲ್ಲಿ. ಹುಟ್ಟೂರು ಬಂಟ್ವಾಳದ ಕಡೆಯಾದರೂ ಸವಣೂರಿನ ಮದ್ರಸದಲ್ಲಿ ಪಾಠ ಹೇಳುತ್ತಾ ಹನ್ನೆರಡು ವರ್ಷ ಕಳೆಯಿತು. ಹುಬ್ಬಳ್ಳಿ, ಮಂಗಳೂರು, ಬೆಂಗಳೂರುಗಳಲ್ಲಿ ಟೂರಿಸಂ, ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಾ ರಜೆಗೆ ಊರಿಗೆ ಬಂದ ಮಕ್ಕಳು ಸಿಕ್ಕಿದಾಗ ಮಾತಾಡಿಸಿದೆವು. ಬೆರಳೆಣಿಕೆಯ ಮಕ್ಕಳು, ನಮ್ಮವರೂ ಇದ್ದರು, ಬೇರೆಯವರೂ ಇದ್ದರು. ಇದನ್ನು ಸಮೀಕ್ಷೆ ಎಂದು ಯಾರೂ ತಿಳಿಯಬಾರದು. ಆದರೆ ಅವರು ಹೇಳಿದ್ದು ನಮ್ಮ ಕರಾವಳಿಯ ಮನೆಗಳಿಗೂ ಸೇರಿದ ಮಾತು ಎನಿಸಿತು.

ಮೊದಲು ಒಂದು ಘಟನೆ ಹೇಳುತ್ತೇವೆ. ಇದೆಲ್ಲ ತಲೆಗೆ ಬಂದದ್ದೇ ಅದರಿಂದ.

ಸವಣೂರಿನಲ್ಲಿ ದೊಡ್ಡಹುಣಸೆ ಮರಗಳಿವೆ, ಬಾವೊಬಾಬ್ ಎಂದು ಹೊರಗಿನವರು ಹೇಳುವ ಆಫ್ರಿಕಾ ಮೂಲದ ಮರ. ಮಠದ ಅಂಗಳದಲ್ಲಿ ಮೂರು ಇದ್ದವು, 2023ರ ಮಳೆಗಾಲದಲ್ಲಿ ಒಂದು ಉರುಳಿಬಿತ್ತು, ಅದನ್ನು ಪುನಃ ನೆಟ್ಟು ಉಳಿಸುವ ಪ್ರಯತ್ನ ಆಯಿತು. ಬುಡ ನೋಡಿದರೆ ಮರವಾ ಮನೆಯಾ ಎಂದು ಅನಿಸಬೇಕು, ಅಷ್ಟು ದಪ್ಪ. ಹೋದ ಚಳಿಗಾಲದಲ್ಲಿ ಒಂದು ಸಂಜೆ ನಾವು ಆ ದಾರಿಯಲ್ಲಿ ಬರುವಾಗ ಇಬ್ಬರು ವಿದೇಶಿಯರು, ಗಂಡ ಹೆಂಡತಿ, ಮರದ ಹತ್ತಿರ ನಿಂತು ಏನೋ ಕೇಳುತ್ತಿದ್ದರು. ನಮ್ಮ ಕಡೆಗೂ ತಿರುಗಿದರು. ನಾವು ಪಿಯುಸಿಯಲ್ಲಿ ಇಂಗ್ಲಿಷ್ ಪಾಸು ಮಾಡಿದವರು, ಪೇಪರ್ ಓದಿದರೆ ಅರ್ಥ ಆಗುತ್ತದೆ. ಆದರೆ ಆ ಹೊತ್ತಿಗೆ "ಯೆಸ್, ಯೆಸ್" ಬಿಟ್ಟು ಒಂದು ಮಾತು ಬರಲಿಲ್ಲ ಮಾರಾಯ್ರೆ.

ಅಷ್ಟರಲ್ಲಿ ಪಕ್ಕದ ಚಹಾದ ಅಂಗಡಿಯ ಹುಡುಗ ಬಂದ. ಗೋವಾದಲ್ಲಿ ಮೂರು ಸೀಜನ್ ಕೆಲಸ ಮಾಡಿ ಬಂದವನು, ಶಾಲೆ ಏಳನೇ ಕ್ಲಾಸಿಗೇ ಬಿಟ್ಟವನು. ಅವನು ಪಟಪಟ ಹೇಳುತ್ತಾ ಹೋದ. ಹೇಳಿದ್ದರಲ್ಲಿ ಅರ್ಧ ಕತೆ, ಅರ್ಧ ಅವನದೇ ಸೃಷ್ಟಿ. ಮರದ ವಯಸ್ಸನ್ನು ಒಮ್ಮೆ ಎರಡು ಸಾವಿರ ವರ್ಷ ಎಂದ, ಇನ್ನೊಮ್ಮೆ ಐದು ಸಾವಿರ ಮಾಡಿದ. ಬಂದವರು ಖುಷಿಯಿಂದ ಕೇಳಿದರು, ಚಹಾ ಕುಡಿದರು, ಅವನ ಕೈಗೆ ನೂರು ರೂಪಾಯಿ ಕೊಟ್ಟರು.

ಅದೇ ಹೊತ್ತಿಗೆ ಅಲ್ಲಿ ಇನ್ನೊಬ್ಬಳು ಇದ್ದಳು. ನಮ್ಮ ಮದ್ರಸದಲ್ಲೇ ಓದಿ ಹೋದ ಹುಡುಗಿ, ಈಗ ಪ್ರವಾಸೋದ್ಯಮ ಪದವಿಯ ಎರಡನೇ ವರ್ಷ. ತಮ್ಮನ ಕೈ ಹಿಡಿದು ಸುಮ್ಮನೆ ನಿಂತಿದ್ದಳು. ಈ ಮರಗಳ ಬಗ್ಗೆಯೇ ಅವಳು ಕಾಲೇಜಿಗೆ ಪ್ರಾಜೆಕ್ಟ್ ಬರೆದಿದ್ದಾಳೆ, ಅದೂ ಇಂಗ್ಲಿಷಿನಲ್ಲಿ! ಮರ ಆಫ್ರಿಕಾದ್ದು, ಅರಬ್ ವ್ಯಾಪಾರಿಗಳ ಜೊತೆ ಬಂದಿರಬಹುದೆಂಬ ಅಭಿಪ್ರಾಯ ಇದೆ ಎಂದು ನಮಗೆ ಹೇಳಿಕೊಟ್ಟವಳೇ ಅವಳು.

"ನೀನು ಯಾಕಮ್ಮ ಹೇಳ್ಲಿಲ್ಲ?" ಎಂದು ಕೇಳಿದೆವು.

"ತಪ್ಪಾದ್ರ ನಗ್ತಾರ್ರೀ ಹಜರತ್."

"ಅವರಾ? ಅವರದ್ದೇ ಇಂಗ್ಲಿಷ್ ಸರಿ ಇರಲಿಲ್ಲವಲ್ಲ."

"ಅವ್ರಲ್ರೀ. ನಮ್ಮವ್ರ."

ನಿಜಕ್ಕೂ ಬಂದವರ ಇಂಗ್ಲಿಷ್ ಸರಿ ಇರಲಿಲ್ಲ. ಫ್ರಾನ್ಸಿನವರಂತೆ. ಅವರಿಗೂ ಅದು ಪರಭಾಷೆ. ತಡವರಿಸುತ್ತಾ, ಕೈ ಆಡಿಸುತ್ತಾ, ನಾಚಿಕೆಯೇ ಇಲ್ಲದೆ ಮಾತಾಡುತ್ತಿದ್ದರು. ನಮ್ಮ ಹುಡುಗಿ ಮಾತ್ರ, ಇಂಗ್ಲಿಷ್ ಎಂದರೆ ಒಂದು ತಪ್ಪೂ ಇಲ್ಲದೆ ಬರಬೇಕಾದ್ದು ಎಂದು ತಿಳಿದು ಬಾಯಿ ಮುಚ್ಚಿ ನಿಂತಳು.

ಆಮೇಲೆ ನಾವು ಮಾತಾಡಿಸಿದ ಮಕ್ಕಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಇದನ್ನೇ ಹೇಳಿದರು. ಇಂಗ್ಲಿಷ್ ಬೇಕಾ ಎಂದರೆ ಬೇಕೇ ಬೇಕು ಎನ್ನುತ್ತಾರೆ. ಅದರಲ್ಲಿ ಅನುಮಾನ ಇರುವವನು ಒಬ್ಬನೇ ಸಿಕ್ಕಿದ, ಅವನ ವಿಷಯ ಮುಂದೆ ಬರುತ್ತದೆ. ಓದಲಿಕ್ಕೆ ಬರುತ್ತದೆ, ಪರೀಕ್ಷೆಗೆ ಬರೆಯಲಿಕ್ಕೂ ಬರುತ್ತದೆ, ಮಾತಾಡಲಿಕ್ಕೆ ಮಾತ್ರ ಇಲ್ಲ. ಹಾನಗಲ್ಲದ ಹುಡುಗನೊಬ್ಬ ತಾರಕೇಶ್ವರ ದೇವಸ್ಥಾನದ ಹತ್ತಿರದವನು. ಬೆಂಗಳೂರಿನಲ್ಲಿ ಮೂರನೇ ವರ್ಷ ಓದುತ್ತಿದ್ದಾನೆ. "ಮನಸ್ನ್ಯಾಗ ಎಲ್ಲಾ ಐತ್ರಿ ಸರ, ಬಾಯಿಗಿ ಬರೂದ್ರಾಗ ಅವ್ರು ಹೋಗಿಬಿಟ್ಟಿರ್ತಾರ" ಎಂದು ಅವನೇ ನಕ್ಕ. ತಾರಕೇಶ್ವರದ ಒಳಗೆ ಛಾವಣಿಯಲ್ಲಿ ಕಲ್ಲಿನ ಕಮಲ ಇದೆ, ಎಂಟು ಮೂಲೆಯ ಚೌಕಟ್ಟಿನಲ್ಲಿ ಕೆಳಮುಖವಾಗಿ ಅರಳಿದಂತೆ ಕೆತ್ತಿದ್ದು, ಕಲ್ಯಾಣ ಚಾಲುಕ್ಯರ ಕಾಲದ್ದು. ಕನ್ನಡದಲ್ಲಿ ಅವನು ಅದನ್ನು ವರ್ಣಿಸಿದ್ದನ್ನು ಕೇಳಿ ನಮಗೇ ಒಮ್ಮೆ ಹೋಗಿ ನೋಡಬೇಕು ಎನಿಸಿತು. ಅದನ್ನೇ ಇಂಗ್ಲಿಷಿನಲ್ಲಿ ಹೇಳು ಅಂದೆವು. "ದಿಸ್ ಈಸ್ ಲೋಟಸ್" ಎಂದು ನಿಲ್ಲಿಸಿದ.

ಲೆಕ್ಕ ಹಾಕಿ ನೋಡಿ. ನಮ್ಮ ರಾಜ್ಯದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಭಾಷೆ ಕಲಿಸಲು ಶುರು ಮಾಡಿದ್ದು 2007-08ರಲ್ಲಿ. ಅಂದರೆ ಈಗ ಪದವಿ ಓದುತ್ತಿರುವ ಮಕ್ಕಳು ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಕಲಿತವರು. ಹತ್ತನೇ ತನಕ ಹತ್ತು ವರ್ಷ, ಪಿಯುಸಿ ಎರಡು, ಪದವಿ ಮೂರು, ಒಟ್ಟು ಹದಿನೈದು. ಹದಿನೈದು ವರ್ಷ ಕಲಿತು ಒಂದು ಕಮಲವನ್ನು ವರ್ಣಿಸಲಾಗುವುದಿಲ್ಲ ಎಂದರೆ ತಪ್ಪು ಮಕ್ಕಳದ್ದು ಎಂದು ಹೇಳಲು ನಮಗೆ ಮನಸ್ಸು ಬರುವುದಿಲ್ಲ.

ಮದ್ರಸದಲ್ಲಿ ಪಾಠ ಮಾಡುವವರಿಗೆ ಈ ರೋಗದ ಲಕ್ಷಣ ಬೇಗ ತಿಳಿಯುತ್ತದೆ. ನಮ್ಮ ಮಕ್ಕಳು ಹತ್ತು ವರ್ಷ ಆಗುವುದರೊಳಗೆ ಕುರ್‌ಆನ್ ತಪ್ಪಿಲ್ಲದೆ ಓದುತ್ತಾರೆ, ತಜ್‌ವೀದ್ ಸಮೇತ. ಆದರೆ ಅರಬ್ಬಿಯಲ್ಲಿ ಒಂದು ಲೋಟ ನೀರು ಕೇಳು ಅಂದರೆ ಮುಖ ನೋಡುತ್ತಾರೆ. ಅಲ್ಲಿ ಓದುವುದೇ ಒಂದು ಇಬಾದತ್ತು, ಅಕ್ಷರ ಅಕ್ಷರಕ್ಕೂ ಪ್ರತಿಫಲ ಉಂಟು, ಹಾಗಾಗಿ ಆ ಓದಿಗೆ ಅದರದ್ದೇ ಸ್ಥಾನ. ಇಂಗ್ಲಿಷಿಗೆ ಅಂಥ ಪ್ರತಿಫಲ ಏನೂ ಇಲ್ಲ. ಆದರೂ ಶಾಲೆಯಲ್ಲಿ ಅದನ್ನು ಹಾಗೆಯೇ ಕಲಿಸುತ್ತಾ ಬಂದಿದ್ದೇವೆ: ಪಾಠ ಓದು, ಪ್ರಶ್ನೋತ್ತರ ಬಾಯಿಪಾಠ ಮಾಡು, ಪರೀಕ್ಷೆಯಲ್ಲಿ ಬರೆ.

ಇನ್ನೊಂದು ಕಡೆಯಿಂದಲೂ ನೋಡಬೇಕು. ನಮ್ಮ ಬ್ಯಾರಿ ಮಕ್ಕಳಷ್ಟು ಭಾಷೆ ಕಲಿಯುವವರು ಎಷ್ಟು ಮಂದಿ ಇದ್ದಾರೆ? ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ-ಮಲಯಾಳದ ಕಿತಾಬು. ತುಳುವನ್ನು ಯಾರಾದರೂ ವ್ಯಾಕರಣ ಹಿಡಿದು ಕಲಿತದ್ದುಂಟಾ? ಮೀನು ಮಾರುವಾಗ, ಕ್ರಿಕೆಟ್ ಆಡುವಾಗ ಬಂದುಬಿಟ್ಟಿತು. ನಾವು ಸವಣೂರಿಗೆ ಬಂದಾಗ ದಖ್ಖನಿ ಒಂದು ಅಕ್ಷರ ಗೊತ್ತಿರಲಿಲ್ಲ. ಇಲ್ಲಿಯ ಮಕ್ಕಳ ಮನೆಮಾತು ಅದೇ. ಮೊದಲ ವರ್ಷ ನಾವು ಬಾಯಿ ತೆರೆದರೆ ಕ್ಲಾಸಿನಲ್ಲಿ ನಗುವೋ ನಗು. ಗಂಡು ಪದ ಹೆಣ್ಣಾಗುತ್ತಿತ್ತು, ಹೆಣ್ಣು ಗಂಡಾಗುತ್ತಿತ್ತು. ಮಕ್ಕಳು ತಿದ್ದಿದರು, ನಾವು ತಿದ್ದಿಸಿಕೊಂಡೆವು. ಎರಡನೇ ವರ್ಷಕ್ಕೆ ಬಾಯಿಗೆ ಬಂತು. ಈಗಲೂ ಅದು ಬಂಟ್ವಾಳದ ದಖ್ಖನಿಯೇ, ಆದರೆ ಕೆಲಸ ನಡೆಯುತ್ತದೆ. ಮಕ್ಕಳ ಎದುರು ತಪ್ಪು ಮಾಡಲು ಉಸ್ತಾದನಿಗೆ ನಾಚಿಕೆ ಆಗಲಿಲ್ಲ, ಬೇರೆ ದಾರಿ ಇರಲಿಲ್ಲ. ಕಾಲೇಜಿನ ಮಕ್ಕಳಿಗೆ ಅಂಥ ಜಾಗ ಎಲ್ಲಿ ಉಂಟು?

ಸವಣೂರಿನಲ್ಲಿ ಕುಳಿತು ಇದನ್ನು ಬರೆಯುವಾಗ ಇದೇ ಊರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರ ನೆನಪು ಬಾರದೆ ಇರುವುದಿಲ್ಲ. ಕನ್ನಡದ ಗೋಕಾಕ್ ವರದಿ ಎಲ್ಲರಿಗೂ ಗೊತ್ತು: 1980ರಲ್ಲಿ ಸಮಿತಿ, 1981ರಲ್ಲಿ ವರದಿ, ಆಮೇಲೆ ರಾಜ್‌ಕುಮಾರ್ ಇಳಿದು ಬಂದ ಚಳವಳಿ. ಉರ್ದು ಮಾತಾಡುವವರಲ್ಲಿ ಆ ವರದಿಗೆ ವಿರೋಧ ಇದ್ದದ್ದೂ ನಿಜ, ಅದು ಬೇರೆಯೇ ಕತೆ. ಆದರೆ ಆ ಗೋಕಾಕರು ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರು, ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ನ ನಿರ್ದೇಶಕರಾಗಿದ್ದವರು ಎಂಬುದು ಇಲ್ಲಿಯ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ದೇಶದ ಶಿಕ್ಷಕರಿಗೆ ಇಂಗ್ಲಿಷ್ ಕಲಿಸುವುದು ಹೇಗೆಂದು ಹೇಳಿಕೊಡುವ ಸಂಸ್ಥೆ ಅದು. ಕನ್ನಡದಲ್ಲಿ ಜ್ಞಾನಪೀಠ ಪಡೆದವರೂ ಅವರೇ. ಕನ್ನಡ ಗಟ್ಟಿ ಇದ್ದವನಿಗೆ ಇಂಗ್ಲಿಷ್ ಕಷ್ಟ ಎಂದು ನಮ್ಮ ಮನೆಗಳಲ್ಲಿ ಒಂದು ನಂಬಿಕೆ ಉಂಟಲ್ವಾ, ಅದನ್ನು ಸವಣೂರಿನಲ್ಲಿ ಹೇಳುವುದು ಕಷ್ಟ.

ಈಗ ಆ ಅನುಮಾನದ ಹುಡುಗನ ವಿಷಯ. ಹಿರೇಕೆರೂರಿನವನು. ಟೂರಿಸಂ ಓದಿ ಮುಗಿಸಿ ಒಂದು ಟೆಂಪೋ ಟ್ರಾವೆಲರ್ ಇಟ್ಟುಕೊಂಡು ಟೂರ್ ಹೊಡೆಯುತ್ತಾನೆ. ಅವನ ಮಾತು ನೇರ. "ಇಲ್ಲಿಗಿ ಬರೋರು ಯಾರ್ರಿ ಸರ? ಅಬಲೂರಿಗಿ ಸರ್ವಜ್ಞನ ಊರು ನೋಡಾಕ ಬರೋರು ಕನ್ನಡದವ್ರು. ಬಾಡಕ್ಕ ಕನಕದಾಸರ ಅರಮನಿಗಿ ಬರೋರು ಸಾಲಿ ಹುಡುಗ್ರು. ಶಿಶುನಾಳಕ್ಕ ಬರೋರು ಭಕ್ತರು. ನನಗ ಬೇಕಾಗಿದ್ದು ಮರಾಠಿ, ಹಿಂದಿ. ಇಂಗ್ಲಿಷ್ ತಗೊಂಡು ಏನ್ ಮಾಡ್ಲಿ?"

ಅವನು ಹೇಳುವುದು ಸುಳ್ಳಲ್ಲ. ಶಿಗ್ಗಾವಿ ತಾಲೂಕಿನ ಗೊಟಗೋಡಿಯ ರಾಕ್ ಗಾರ್ಡನ್ ಎದುರು ಒಂದು ಭಾನುವಾರ ನಿಂತು ನೋಡಿದರೆ ಸಾಕು. ಹೆದ್ದಾರಿ ಬದಿಯಲ್ಲಿ ಸಾಲು ಬಸ್ಸುಗಳು, ಹೆಚ್ಚಿನವು ಶಾಲಾ ಪ್ರವಾಸದ್ದು. ಬಂಕಾಪುರ ಕೋಟೆಯ ಒಳಗಿನ ಅರವತ್ತು ಕಂಬದ ಗುಡಿಗೂ ನವಿಲುಧಾಮಕ್ಕೂ ಬರುವವರು ಹೆಚ್ಚಾಗಿ ಸುತ್ತಮುತ್ತಲಿನವರೇ. ಈ ನಾಲ್ಕು ತಾಲೂಕಿನಲ್ಲಿ ನೋಡಲು ಇಷ್ಟೆಲ್ಲ ಇದ್ದರೂ ಪ್ರವಾಸಿ ಬಂದು ರಾತ್ರಿ ಉಳಿಯುವಂಥ ವ್ಯವಸ್ಥೆ ಕಡಿಮೆ. ಬೆಳಿಗ್ಗೆ ಬಂದು ಸಂಜೆ ಹೋಗುತ್ತಾರೆ. ಹಾಗಾಗಿ ಟೂರಿಸಂ ಓದಿದವನಿಗೆ ಊರಲ್ಲೇ ಕೆಲಸ ಸಿಗುವುದಿಲ್ಲ, ಗೋವಾಕ್ಕೋ ಬೆಂಗಳೂರಿಗೋ ಮಂಗಳೂರಿಗೋ ಹೋಗಬೇಕು. ಮಕ್ಕಳು ಇಂಗ್ಲಿಷನ್ನು ನೋಡುವುದು ಈ ಕಣ್ಣಿನಿಂದ. ಅವರಿಗೆ ಅದು ಬಂದ ಅತಿಥಿಯ ಜೊತೆ ಮಾತಾಡುವ ಭಾಷೆಗಿಂತ ಹೆಚ್ಚಾಗಿ ಊರು ಬಿಡುವ ಟಿಕೆಟ್ಟು. ಟೆಂಪೋ ಹುಡುಗ ಊರು ಬಿಡುವವನಲ್ಲ, ಅದಕ್ಕೇ ಅವನಿಗೆ ಬೇಡ. ಲೆಕ್ಕ ಸರಿಯಾಗಿಯೇ ಇದೆ. ಆದರೂ ಹೊರಡುವಾಗ ಅವನೇ ಒಂದು ಮಾತು ಸೇರಿಸಿದ. ಬೆಂಗಳೂರಿನ ಕಂಪೆನಿಯವರು ಟೂರ್‌ಗೆ ರೇಟು ಕೇಳಿ ಇಂಗ್ಲಿಷಿನಲ್ಲಿ ಮೇಲ್ ಕಳಿಸಿದರೆ ಉತ್ತರ ಬರೆಯಲು ತಂಗಿಗೆ ಕೊಡುತ್ತಾನಂತೆ.

ಊರು ಬಿಟ್ಟು ಹೋದವರ ಗತಿ ಏನು? ಇದನ್ನು ನಮಗೆ ಬಿಡಿಸಿ ಹೇಳಿದವನು ಬಂಕಾಪುರ ಕಡೆಯ ಹುಡುಗ. ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮಾಡುತ್ತಿದ್ದಾನೆ. ಟ್ರೈನಿಂಗಿಗೆಂದು ಒಂದು ದೊಡ್ಡ ಹೋಟೆಲಿಗೆ ಹೋದಾಗ ಮೊದಲ ದಿನ ಎಲ್ಲರನ್ನೂ ನಿಲ್ಲಿಸಿ ಇಂಗ್ಲಿಷಿನಲ್ಲಿ ತಮ್ಮ ಪರಿಚಯ ಹೇಳಲು ಹೇಳಿದರಂತೆ. ಚೆನ್ನಾಗಿ ಮಾತಾಡಿದವರು ರಿಸೆಪ್ಷನ್, ರೆಸ್ಟೋರೆಂಟಿಗೆ. ತಡವರಿಸಿದವರು ಅಡುಗೆಮನೆಯ ಹಿಂದಕ್ಕೆ, ಹಾಸಿಗೆ ಬದಲಿಸುವ ಕೆಲಸಕ್ಕೆ. ಇವನು ಎರಡನೇ ಸಾಲಿನವನು. ಆ ಕೆಲಸವೂ ಗೌರವದ್ದೇ, ಅದರಲ್ಲಿ ಮೇಲೆ ಬಂದವರು ಎಷ್ಟೋ ಮಂದಿ ಇದ್ದಾರೆ. ಆದರೆ ಇವನನ್ನು ಅಲ್ಲಿಗೆ ಹಾಕಿದ್ದು ಕೈಯ ಕೆಲಸ ನೋಡಿ ಅಲ್ಲ, ಎರಡು ನಿಮಿಷದ ಮಾತು ಕೇಳಿ. ಅತಿಥಿಗೆ ಕಾಣುವ ಕಡೆ ಒಬ್ಬರು, ಕಾಣದ ಕಡೆ ಒಬ್ಬರು. ನಡುವೆ ಇರುವ ಗೋಡೆ ಇಂಗ್ಲಿಷಿನದು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿಸಲು ಯಾರ ಮನೆಯಲ್ಲಿ ದುಡ್ಡಿತ್ತು ಎಂಬುದು ಆ ಎರಡು ನಿಮಿಷದಲ್ಲಿ ತೀರ್ಮಾನ ಆಗಿಬಿಡುತ್ತದೆ. ಮಕ್ಕಳ ಭಯ ಬರೀ ನಾಚಿಕೆಯದ್ದಲ್ಲ, ಅದಕ್ಕೆ ಇಂಥ ಕಾರಣವೂ ಉಂಟು.

ಪ್ರವೇಶ ಪರೀಕ್ಷೆಯಲ್ಲೇ ಈ ಗೋಡೆ ಶುರುವಾಗುತ್ತದೆ. ಕೇಂದ್ರ ಸರಕಾರದ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳಿಗೆ, ಬೆಂಗಳೂರಿನದ್ದೂ ಸೇರಿ, ಎನ್‌ಸಿಎಚ್‌ಎಂ ಜೆಇಇ ಎಂಬ ಪರೀಕ್ಷೆ ಇದೆ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬರುತ್ತದೆ, ಕನ್ನಡದಲ್ಲಿ ಇಲ್ಲ. ಇಂಗ್ಲಿಷ್ ಭಾಷೆಗೇ ಒಂದು ಪ್ರತ್ಯೇಕ ಭಾಗ ಉಂಟು. ನಾವು ಮಾತಾಡಿಸಿದವರಲ್ಲಿ ಆ ಪರೀಕ್ಷೆ ಬರೆದವರು ಯಾರೂ ಇರಲಿಲ್ಲ. ಕೆಲವರು ಹೆಸರು ಕೇಳಿದ್ದೇ ನಮ್ಮಿಂದ.

ಹೋಟೆಲ್ ಕೆಲಸ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಇನ್ನೊಂದು ಮಾತು ಏಳುತ್ತದೆ, ಅಲ್ಲಿ ಶರಾಬು ಇರುತ್ತದೆ ಎಂದು. ಆ ಚಿಂತೆಗೆ ಅರ್ಥ ಉಂಟು. ಆದರೆ ಪ್ರವಾಸೋದ್ಯಮ ಎಂದರೆ ಬಾರ್ ಇರುವ ಹೋಟೆಲ್ ಮಾತ್ರ ಅಲ್ಲ. ಟಿಕೆಟ್ ಬುಕಿಂಗ್, ಟ್ರಾವೆಲ್ ಆಫೀಸು, ಗೈಡ್ ಕೆಲಸ, ಹೋಂಸ್ಟೇ ಎಲ್ಲ ಅದರೊಳಗೆ ಬರುತ್ತದೆ. ನಮ್ಮ ಊರುಗಳಿಂದ ಉಮ್ರಾಕ್ಕೆ ಗ್ರೂಪು ಕರೆದುಕೊಂಡು ಹೋಗುವ ಟ್ರಾವೆಲ್ಸ್‌ನವರನ್ನೇ ನೋಡಿ. ವೀಸಾ ಅರ್ಜಿ, ವಿಮಾನದ ಟಿಕೆಟು, ಮಕ್ಕಾ ಮದೀನಾದ ಹೋಟೆಲಿನವರ ಜೊತೆಗಿನ ಪತ್ರ ವ್ಯವಹಾರ, ಹೆಚ್ಚಿನದೆಲ್ಲ ಇಂಗ್ಲಿಷಿನಲ್ಲೇ. ರೂಮು ಹೇಳಿದ್ದು ಹರಮ್‌ಗೆ ಹತ್ತಿರ, ಕೊಟ್ಟದ್ದು ದೂರ ಎಂದು ವಯಸ್ಸಾದ ಉಮ್ಮಂದಿರು ಬಸ್ಸಿಗೆ ಕಾದು ನಿಂತಾಗ ಅಲ್ಲಿಯ ಮ್ಯಾನೇಜರ್ ಹತ್ತಿರ ಹೋಗಿ ಗಟ್ಟಿಯಾಗಿ ಮಾತಾಡುವ ಒಬ್ಬ ಹುಡುಗ ಗ್ರೂಪಿನಲ್ಲಿ ಇದ್ದರೆ ಎಷ್ಟು ದೊಡ್ಡ ಉಪಕಾರ! ಕೇಂದ್ರ ಪ್ರವಾಸೋದ್ಯಮ ಇಲಾಖೆ 2020ರಿಂದ ಪ್ರವಾಸಿ ಮಾರ್ಗದರ್ಶಿಗಳಿಗೆ ಆನ್‌ಲೈನ್ ಕೋರ್ಸು ಕೂಡ ನಡೆಸುತ್ತಿದೆ, ಪಿಯುಸಿ ಆದವರು ಸೇರಬಹುದು. ಮನೆಯಿಂದ ಹೊರಗೆ ಕಳಿಸಲು ಹಿಂಜರಿಯುವ ಹೆಣ್ಣುಮಕ್ಕಳ ತಂದೆ ತಾಯಿ ಇದನ್ನು ವಿಚಾರಿಸಿ ನೋಡಬಹುದು.

ಹಾಗಾದರೆ ಯಾವ ಇಂಗ್ಲಿಷ್ ಕಲಿಯಬೇಕು? ಮಕ್ಕಳನ್ನು ಕೇಳಿದರೆ "ಫ್ಲುಯೆಂಟ್ ಇಂಗ್ಲಿಷ್" ಎನ್ನುತ್ತಾರೆ. ಅದು ಏನು ಎಂದು ಬಿಡಿಸಿ ಕೇಳಿದರೆ ಬೆಂಗಳೂರಿನ ಮಾಲ್‌ಗಳಲ್ಲಿ ಮಾತಾಡುವವರ ಹಾಗೆ, ಯೂಟ್ಯೂಬಿನಲ್ಲಿ ಬರುವವರ ಹಾಗೆ ಎನ್ನುವ ಉತ್ತರ. ಕೆಲಸಕ್ಕೆ ಬೇಕಾಗುವ ಇಂಗ್ಲಿಷ್ ಎಂದೇ ಒಂದು ವಿಷಯವಿದೆ, ಅದರ ಬಗ್ಗೆ ಹಚಿನ್‌ಸನ್ ಮತ್ತು ವಾಟರ್ಸ್ ಎಂಬ ಇಬ್ಬರು 1987ರಲ್ಲಿ ಬರೆದ ಪುಸ್ತಕ ಪ್ರಸಿದ್ಧ. ಕೆಲಸಕ್ಕೆ ಏನು ಬೇಕು, ಕಲಿಯುವವನಲ್ಲಿ ಏನು ಕಡಿಮೆ ಇದೆ, ಅವನ ಆಸೆ ಏನು ಎಂದು ಮೂರನ್ನೂ ಬೇರೆ ಬೇರೆ ಕೇಳಬೇಕು ಎನ್ನುವುದು ಅವರ ವಾದ. ನಮ್ಮ ಮಕ್ಕಳ ಆಸೆ ಮಾಲ್‌ನ ಇಂಗ್ಲಿಷ್. ಕೆಲಸಕ್ಕೆ ಬೇಕಾದ್ದು ಅದಲ್ಲ. ಅತಿಥಿಯ ಹೆಸರು, ದಿನ, ಬಾಡಿಗೆ ಸರಿಯಾಗಿ ಕೇಳಿ ಬರೆದುಕೊಳ್ಳುವುದು, ದಾರಿ ಹೇಳುವುದು, ಬಿಸಿನೀರು ಬರುತ್ತಿಲ್ಲ ಎಂದು ರಾತ್ರಿ ಹನ್ನೊಂದಕ್ಕೆ ಸಿಟ್ಟಿನಲ್ಲಿ ಫೋನ್ ಬಂದರೆ ಸಮಾಧಾನ ಹೇಳುವುದು, ಒಂದು ಜಾಗದ ಕತೆಯನ್ನು ಐದು ನಿಮಿಷದಲ್ಲಿ ಹೇಳುವುದು. ಇದನ್ನು ಕಲಿಯಲು ಹದಿನೈದು ವರ್ಷ ಬೇಡ. ಆದರೆ ನಾವು ಮಾತಾಡಿಸಿದ ಮಕ್ಕಳಲ್ಲಿ ಇದನ್ನು ಕ್ಲಾಸಿನಲ್ಲಿ ಬಾಯಿ ಬಿಟ್ಟು ಅಭ್ಯಾಸ ಮಾಡಿದ್ದೇವೆ ಎಂದವರು ಕಡಿಮೆ. ಪರೀಕ್ಷೆಗೆ "ಟೂರಿಸ್ಟ್ ಎಂದರೇನು" ಎಂಬ ಪ್ರಶ್ನೆಗೆ ಐದು ಅಂಕದ ಉತ್ತರ ಎಲ್ಲರಿಗೂ ಬಾಯಿಪಾಠ ಬರುತ್ತದೆ!

ಮೊಬೈಲ್ ಇದೆಯಲ್ಲ, ಅನುವಾದ ಅದೇ ಮಾಡುತ್ತದೆ ಎಂದು ಇಬ್ಬರು ಹೇಳಿದರು. ಬೋರ್ಡು ಓದಲು, ಮೆನು ನೋಡಲು ಅದು ಒಳ್ಳೆಯದೇ. ಸಿಟ್ಟಾದ ಅತಿಥಿಯ ಎದುರು ಫೋನ್ ಹಿಡಿದು ನಿಂತರೆ ಅವನ ಸಿಟ್ಟು ಇಳಿಯುತ್ತದಾ ಏರುತ್ತದಾ ಎಂಬುದನ್ನು ಹೋಟೆಲಿನವರೇ ಹೇಳಬೇಕು.

ಇದಕ್ಕೆ ದಾರಿ ಹುಡುಕಿದವರು ನಮ್ಮ ರಾಜ್ಯದಲ್ಲೇ ಇದ್ದರು ಎನ್ನುವುದು ನಮಗೂ ತಡವಾಗಿ ತಿಳಿದ ವಿಷಯ. 1979ರಿಂದ 1984ರ ತನಕ ಎನ್.ಎಸ್. ಪ್ರಭು ಎಂಬ ಶಿಕ್ಷಣತಜ್ಞರು ಬೆಂಗಳೂರು, ಮದ್ರಾಸು ಕಡೆಯ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಅದಕ್ಕೆ ಜೊತೆಯಾಗಿತ್ತು. ಹೊರದೇಶಗಳಲ್ಲಿ ಅದನ್ನು ಬೆಂಗಳೂರು ಪ್ರಾಜೆಕ್ಟ್ ಎಂದೇ ಕರೆಯುತ್ತಾರೆ, ಇಂಗ್ಲಿಷ್ ಕಲಿಸುವವರ ಪುಸ್ತಕಗಳಲ್ಲಿ ಈಗಲೂ ಅದರ ಹೆಸರು ಬರುತ್ತದೆ. ಅವರು ಮಾಡಿದ್ದು ಬಹಳ ಸರಳ. ವ್ಯಾಕರಣದ ಪಾಠ ಪಕ್ಕಕ್ಕಿಟ್ಟರು. ರೈಲಿನ ವೇಳಾಪಟ್ಟಿ ಕೊಟ್ಟು, ಇಷ್ಟು ಗಂಟೆಗೆ ಅಲ್ಲಿಗೆ ಮುಟ್ಟಬೇಕಾದರೆ ಯಾವ ರೈಲು ಹಿಡಿಯಬೇಕು ಎಂದು ಕೇಳಿದರು. ನಕ್ಷೆ ಕೊಟ್ಟು ದಾರಿ ಹುಡುಕಲು ಹೇಳಿದರು. ಮಾಸ್ತರು ಮೊದಲು ಅಂಥದ್ದೇ ಒಂದು ಲೆಕ್ಕವನ್ನು ಎಲ್ಲರ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಾ ಬಿಡಿಸುವುದು, ಆಮೇಲೆ ಮಕ್ಕಳು ತಾವೇ ಬಿಡಿಸುವುದು. ಮೊದಲ ದಿನದಿಂದಲೇ ಮಗು ಬಾಯಿ ಬಿಡಬೇಕು ಎಂಬ ಒತ್ತಾಯವೂ ಇರಲಿಲ್ಲ. ಮನಸ್ಸು ಅರ್ಥದ ಮೇಲೆ ಇದ್ದಾಗ ಭಾಷೆ ತಾನಾಗಿ ಒಳಗೆ ಇಳಿಯುತ್ತದೆ ಎನ್ನುವುದು ಅವರ ನಂಬಿಕೆ. ಅದರ ಫಲ ಎಷ್ಟು ಎನ್ನುವುದರ ಬಗ್ಗೆ ತಜ್ಞರಲ್ಲಿ ಚರ್ಚೆ ನಡೆದಿದೆ. ಆದರೆ ರೈಲಿನ ವೇಳಾಪಟ್ಟಿ, ನಕ್ಷೆ, ದಾರಿ ಎಂದರೆ ಪೂರ್ತಿ ಟೂರಿಸಂ ವಿದ್ಯಾರ್ಥಿಯ ಸಾಮಾನೇ ಅಲ್ಲವೇ? ನಲವತ್ತು ವರ್ಷದ ಹಿಂದೆ ಬೆಂಗಳೂರಿನ ಶಾಲೆಯಲ್ಲಿ ಮಾಡಿ ನೋಡಿದ್ದನ್ನು ಇವತ್ತು ಟೂರಿಸಂ ಕ್ಲಾಸಿನಲ್ಲೇ ಮಾಡುವುದಿಲ್ಲ ಎಂದರೆ ಯಾರನ್ನು ಕೇಳುವುದು?

ಕಾಲೇಜಿನ ಅಧ್ಯಾಪಕರ ಮೇಲೆ ಎಲ್ಲವನ್ನೂ ಹಾಕುವುದು ನ್ಯಾಯ ಅಲ್ಲ. ಅವರಿಗೆ ಸಿಲೆಬಸ್ ಮುಗಿಸಬೇಕು. ಕ್ಲಾಸಿನಲ್ಲಿ ಅರುವತ್ತು ಎಪ್ಪತ್ತು ಮಂದಿ ಕುಳಿತಿದ್ದರೆ ಒಬ್ಬೊಬ್ಬರನ್ನು ಮಾತಾಡಿಸಲು ಪುರುಸೊತ್ತು ಎಲ್ಲಿ? ಆದರೆ ಆ ಹುಡುಗಿ ಹೇಳಿದ ಮಾತು ಪದೇ ಪದೇ ನೆನಪಾಗುತ್ತದೆ. ನಗುವವರು ಅತಿಥಿಗಳಲ್ಲ, ನಮ್ಮವರು. ಮನೆಯಲ್ಲಿ ಮಗ ಒಂದು ವಾಕ್ಯ ಇಂಗ್ಲಿಷಿನಲ್ಲಿ ಹೇಳಿದರೆ "ಓ, ದೊರೆ ಬಂದ" ಎಂದು ಗೇಲಿ ಮಾಡುವ ಅಣ್ಣ, ತಪ್ಪಿದ ಕೂಡಲೇ ಕಿಸಕ್ಕೆನ್ನುವ ಅಕ್ಕ, ಮಸೀದಿ ಎದುರು ಕುಳಿತು ಅದನ್ನೇ ಒಂದು ವಾರ ಅಣಕಿಸುವ ಗೆಳೆಯರು. ಇದು ಸವಣೂರಿನಲ್ಲೂ ಉಂಟು, ಬಂಟ್ವಾಳದಲ್ಲೂ ಉಂಟು. ಚಹಾದ ಅಂಗಡಿಯ ಹುಡುಗ ಇಂಗ್ಲಿಷ್ ಕಲಿತದ್ದು ಗೋವಾದಲ್ಲಿ, ನಗುವ ನಮ್ಮವರು ಅಲ್ಲಿ ಇರಲಿಲ್ಲ. ಗಲ್ಫಿಗೆ ಹೋದ ನಮ್ಮ ಕಾಕಂದಿರು ಎಸೆಸೆಲ್ಸಿಯನ್ನೂ ಮುಗಿಸದೆ ಹೋಗಿ ಎರಡು ವರ್ಷದಲ್ಲಿ ಅರಬ್ಬಿ, ಇಂಗ್ಲಿಷ್, ಹಿಂದಿ ಮೂರನ್ನೂ ಮಾತಾಡುತ್ತಾ ಬಂದದ್ದಕ್ಕೂ ಇದೇ ಕಾರಣ ಇರಬಹುದು.

ಹುಡುಗನ ಇಂಗ್ಲಿಷಿನಲ್ಲಿ ಧೈರ್ಯ ಇತ್ತು, ಸಂಗತಿ ಇರಲಿಲ್ಲ. ಹುಡುಗಿಯಲ್ಲಿ ಸಂಗತಿ ಇತ್ತು, ಧೈರ್ಯ ಇರಲಿಲ್ಲ. ಇದರಲ್ಲಿ ಯಾವುದು ಕಷ್ಟ ಎಂದು ನಮ್ಮನ್ನು ಕೇಳಿದರೆ ಸಂಗತಿ ತಿಳಿಯುವುದೇ ಕಷ್ಟ. ಶಿಶುನಾಳ ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು, ಶಾಲಾ ಮಾಸ್ತರರಾಗಿದ್ದರು, ಗುರು ಗೋವಿಂದ ಭಟ್ಟರು, ಮುಸ್ಲಿಂ ಮನೆತನದ ಈ ಸಂತ ಹಾಡಿದ್ದು ಕನ್ನಡದಲ್ಲಿ. ಇಷ್ಟನ್ನು ತಿಳಿದು ಹೇಳುವ ಒಬ್ಬ ಗೈಡ್ ಆ ಊರಿನಲ್ಲಿ ನಿಂತರೆ ವ್ಯಾಕರಣ ತಪ್ಪಿದರೂ ಕೇಳುವವರು ಎದ್ದು ಹೋಗುವುದಿಲ್ಲ. ಸವಣೂರಿನ ನವಾಬರ ಕಾಲದ ವಿಷಯವೂ ಹಾಗೆಯೇ. 1948ರ ತನಕ ಇದು ಸಂಸ್ಥಾನ ಆಗಿತ್ತು ಎಂಬುದು ಇಲ್ಲಿಯ ಎಷ್ಟೋ ಮಕ್ಕಳಿಗೆ ಪಾಠದಲ್ಲಿ ಬಂದಿಲ್ಲ.

ನಾವು ಒಂದು ಸಣ್ಣ ಕೆಲಸ ಶುರು ಮಾಡಿದ್ದೇವೆ. ದೊಡ್ಡದಾಗಿ ಹೇಳಿಕೊಳ್ಳುವಂಥದ್ದೇನಲ್ಲ. ರಜೆಯಲ್ಲಿ ವಾರಕ್ಕೆ ಎರಡು ದಿನ, ಅಸರ್ ಆದ ಮೇಲೆ, ಮದ್ರಸದ ಜಗಲಿಯಲ್ಲಿ ಐದಾರು ಮಕ್ಕಳು ಸೇರುತ್ತಾರೆ. ಹುಡುಗಿಯರ ಜೊತೆ ಅವರ ತಾಯಂದಿರೂ ಬಂದು ಕೂರುತ್ತಾರೆ. ಒಬ್ಬೊಬ್ಬರು ಒಂದೊಂದು ಜಾಗದ ಬಗ್ಗೆ ಐದು ನಿಮಿಷ ಇಂಗ್ಲಿಷಿನಲ್ಲಿ ಹೇಳಬೇಕು, ಉಳಿದವರು ಪ್ರವಾಸಿಗಳಂತೆ ಪ್ರಶ್ನೆ ಕೇಳಬೇಕು. ನಕ್ಕವರು ಮುಂದಿನ ಸಲ ಮೊದಲು ಹೇಳಬೇಕು, ಇದು ಮಕ್ಕಳೇ ಮಾಡಿಕೊಂಡ ಕಾನೂನು. ತಿದ್ದುವಷ್ಟು ಇಂಗ್ಲಿಷ್ ನಮಗೆ ಬರುವುದಿಲ್ಲ, ನಾವು ಪ್ರವಾಸಿಯ ಸಾಲಿನಲ್ಲೇ ಕುಳಿತಿರುತ್ತೇವೆ. ಆ ಹುಡುಗಿ ಮೊದಲ ದಿನ ಎದ್ದು ನಿಂತು "ದಿಸ್ ಟ್ರೀ ಈಸ್ ಕಮ್ ಫ್ರಮ್ ಆಫ್ರಿಕಾ" ಎಂದಳು. ಒಬ್ಬ ತಾಯಿ ಮರದ ವಯಸ್ಸು ಎಷ್ಟೆಂದು ದಖ್ಖನಿಯಲ್ಲಿ ಕೇಳಿದರು. ಅವಳು ಸ್ವಲ್ಪ ಯೋಚಿಸಿ, "ನೋಬಡಿ ಈಸ್ ನೋ ಕರೆಕ್ಟ್" ಎಂದಳು.

ಈಗ ತಿದ್ದುವವರು ಬೇಕಾಗಿದ್ದಾರೆ. ಮಂಗಳೂರು, ಉಡುಪಿಯ ಹೋಟೆಲ್, ಟ್ರಾವೆಲ್ ಆಫೀಸುಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗರು, ಗಲ್ಫಿನಲ್ಲಿ ರಿಸೆಪ್ಷನ್‌ನಲ್ಲಿ ನಿಂತು ಅನುಭವ ಇರುವವರು ಈ ಪುಟ ಓದುತ್ತಾರೆಂದು ಗೊತ್ತು. ವಾರಕ್ಕೆ ಅರ್ಧ ಗಂಟೆ ವಾಟ್ಸಾಪ್ ಕಾಲ್‌ನಲ್ಲಿ ಅತಿಥಿಯಾಗಿ ಮಾತಾಡಿ, ಬಿಸಿನೀರು ಬರುತ್ತಿಲ್ಲ ಎಂದು ಸ್ವಲ್ಪ ಜೋರು ಮಾಡಿದರೂ ಆಯಿತು. ಮಕ್ಕಳು ಉತ್ತರ ಕೊಡುತ್ತಾರೆ.